ಮೈನಸ್ ಸೀರೆ, ಮೈನಸ್ ಧಾರಾವಾಹಿ

ಅವ್ವ ಸಮುದ್ರ ನೋಡುವ ಬಸ್ಸಿಗೆ ಎರಡು ಸೀಟು ಹಿಡಿದು ಬಂದಿದ್ದಳು. ಒಂದು ತನಗೆ. ಇನ್ನೊಂದು, ನಲವತ್ತೆಂಟು ವರ್ಷಗಳಿಂದ ಎಲ್ಲಿದ್ದಾಳೆ ಎಂಬುದೇ ಗೊತ್ತಿಲ್ಲದ ತನ್ನ ಗೆಳತಿಗೆ.

ಜಹೀರಾಬಾದಿನ ನಮ್ಮ ಓಣಿಯ ತುದಿಯಲ್ಲಿ ಯಾತ್ರೆಯ ಬಸ್ಸು ಬಿಡುವವನೊಬ್ಬ ಇದ್ದಾನೆ. ಅವನ ಅಂಗಡಿಯ ಮುಂದಿನ ಹಲಗೆಯಲ್ಲಿ ‘ಐದು ದಿನ, ನಾಲ್ಕು ಗುಡಿ, ಒಂದು ಸಮುದ್ರ’ ಎಂದು ಮೂರು ಭಾಷೆಗಳಲ್ಲಿ ಬರೆದಿತ್ತು. ಅವ್ವ ಗುಡಿಗಳ ಹೆಸರು ಕೂಡ ಕೇಳಲಿಲ್ಲವಂತೆ. ಸಮುದ್ರ ಖಾತ್ರಿಯೋ ಇಲ್ಲವೋ ಎಂದಷ್ಟೇ ಕೇಳಿದಳಂತೆ. ಆತ ಖಾತ್ರಿ ಎಂದ. ಇವಳು ಎರಡು ಎಂದಳು.

“ಅವ್ವ, ಆಕಿ ಎಲ್ಲಿದ್ದಾಳಂತ ಗೊತ್ತಿಲ್ಲ, ಸೀಟು ಹ್ಯಾಂಗ ಹಿಡದಿ?” ಎಂದೆ.

“ನೀನೇ ಹೇಳಿದ್ಯಲ್ಲ, ಹುಡುಕೋದು ಕಲ್ತು ಬಂದೀನಿ ಅಂತ. ಹುಡುಕು.”

ತಪ್ಪು ನನ್ನದೇ. ಹಿಂದಿನ ವಾರ ನಾರಾಯಣಖೇಡದಲ್ಲಿ ನಮ್ಮಂಥ ಶಿಕ್ಷಕರಿಗೆ ಅರ್ಧ ದಿನದ ತರಬೇತಿ ಇತ್ತು: ಇಂಟರ್ನೆಟ್ಟಿನಲ್ಲಿ ಮಾಹಿತಿಯನ್ನು ಸರಿಯಾಗಿ ಹುಡುಕುವುದು ಹೇಗೆ. ನಾನು ಇಪ್ಪತ್ತೆರಡು ವರ್ಷಗಳಿಂದ ಸಮಾಜ ಪಾಠ ಹೇಳುತ್ತಿರುವವಳು. ಅಲ್ಲಿಯವರೆಗೆ ನಾನು ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದುದೆಲ್ಲ ನನ್ನ ರೋಗಗಳನ್ನು. ಎಡ ರೆಪ್ಪೆ ಎರಡು ದಿನ ಅದುರಿದರೆ ಏನು, ಬಲ ಹಿಮ್ಮಡಿ ಬೆಳಿಗ್ಗೆ ಮಾತ್ರ ನೋಯುವುದೇಕೆ, ಹೀಗೆ. ಯಾವ ಪ್ರಶ್ನೆ ಕೇಳಿದರೂ ನಾಲ್ಕನೇ ಉತ್ತರದಷ್ಟರಲ್ಲಿ ನಾನು ಸಾಯುತ್ತಿದ್ದೆ. ಆ ತರಬೇತಿಯಲ್ಲಿ ತಿಳಿಯಿತು, ನನಗೆ ರೋಗವಿಲ್ಲ, ಕೇಳುವ ರೀತಿ ಗೊತ್ತಿಲ್ಲ ಎಂದು.

ಪಾಠ ಹೇಳಿದಾಕೆ ಚಿಕ್ಕ ವಯಸ್ಸಿನ ಮೇಡಂ. ಎರಡು ಪದಗಳ ಸುತ್ತ ಉದ್ಧರಣ ಚಿಹ್ನೆ ಹಾಕಿದರೆ ಅವೆರಡೂ ಅದೇ ಕ್ರಮದಲ್ಲಿ ಅಕ್ಕಪಕ್ಕ ಇರುವ ಪುಟಗಳು ಮಾತ್ರ ಬರುತ್ತವೆ ಎಂದಳು. ಬೇಡದ ಪದಕ್ಕೆ ಮೊದಲು ಒಂದು ಮೈನಸ್ ಗುರುತು ಹಾಕಿದರೆ ಆ ಪದವಿದ್ದ ಪುಟಗಳೆಲ್ಲ ತೊಲಗುತ್ತವೆ. ಒಂದೇ ವೆಬ್‌ಸೈಟಿನ ಒಳಗೆ ಮಾತ್ರ ಹುಡುಕಬಹುದು, ಪಿಡಿಎಫ್ ಕಡತಗಳನ್ನು ಮಾತ್ರ ತೋರಿಸು ಎನ್ನಬಹುದು. ನನಗೆ ತಲೆ ಗಿರ್ರೆಂದಿತು. ಇಷ್ಟು ವರ್ಷ ನಾನು ಸಂತೆಯ ನಡುವೆ ನಿಂತು ‘ಯಾರಾದರೂ ಬರ್ರಿ’ ಎಂದು ಕೂಗುತ್ತಿದ್ದೆ. ಈಗ ಬೇಕಾದವರ ಸೆರಗನ್ನೇ ಹಿಡಿದು ಎಳೆಯಬಹುದು.

ಆ ಸಂಜೆ ಊಟಕ್ಕೆ ಕೂತಾಗ, “ಇನ್ನ ಮ್ಯಾಲ ಈ ಜಗತ್ತಿನಾಗ ಏನರೆ ಕಳದ್ರ ನನಗ ಹೇಳ್ರಿ” ಎಂದುಬಿಟ್ಟೆ. ಯಜಮಾನರು ಅಂಚೆ ಕಚೇರಿಯಲ್ಲಿದ್ದಾರೆ. ಅವರಿಗೆ ಹುಡುಕುವುದೆಂದರೆ ಸೈಕಲ್ಲು ಹತ್ತುವುದು. ಅವರು ರೊಟ್ಟಿ ಮುರಿದರು. ಅವ್ವ ಮಾತ್ರ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತ ಕೂತಳು. ಆ ನೋಟದ ಅರ್ಥ ಒಂದು ವಾರದ ಮೇಲೆ ತಿಳಿಯಿತು.

ಅವ್ವನ ತವರು ಮನೂರು. ಅವ್ವ ಮತ್ತು ಆ ಗೆಳತಿ ಅಕ್ಕಪಕ್ಕದ ಹೊಲದವರು. ಜೋಳದ ತೆನೆಯಲ್ಲಿ ಹಾಲುಗಾಳು ತುಂಬಿದಾಗ ಇಬ್ಬರೂ ಹಕ್ಕಿ ಓಡಿಸಲು ತಂತಮ್ಮ ಹೊಲದ ಅಟ್ಟದ ಮೇಲೆ ದಿನವಿಡೀ ನಿಲ್ಲುತ್ತಿದ್ದರು. ಶಾಲೆಯ ಮಾಸ್ತರರು ಒಮ್ಮೆ, ಗಾಳಿಗೆ ಜೋಳದ ಹೊಲ ಹೇಗೆ ತೂಗುತ್ತದೋ ಸಮುದ್ರವೂ ಹಾಗೆಯೇ, ಆದರೆ ಬದು ಇಲ್ಲ ಎಂದಿದ್ದರಂತೆ. ಬದು ಇಲ್ಲದ ಹೊಲ ಇವರಿಬ್ಬರ ತಲೆಗೆ ಹೊಕ್ಕಿತು. ನೋಡಿದರೆ ಕೂಡಿಯೇ ನೋಡುವುದು, ಒಬ್ಬಳೇ ನೋಡಕೂಡದು ಎಂದು ಅಟ್ಟದಿಂದ ಅಟ್ಟಕ್ಕೆ ಕೂಗಿ ಆಣೆ ಮಾಡಿಕೊಂಡರು. ಮುಂದಿನ ವರ್ಷ ಗೆಳತಿಯನ್ನು ತಾಂಡೂರಿಗೆ ಕೊಟ್ಟರು. ಗಂಡ ಫರಸಿ ಕಲ್ಲಿನ ಕೆಲಸದವನು, ನೆಲಕ್ಕೆ ಹಾಸುವ ಆ ನುಣುಪು ಕಲ್ಲು. ಅದರ ಮರುವರ್ಷ ಅವ್ವನನ್ನು ರಾಯಿಕೋಡಿಗೆ ಕೊಟ್ಟರು. ಗೆಳತಿಯ ತವರಿನವರು ಹೊಲ ಬಿಟ್ಟು ಎಲ್ಲಿಗೋ ಹೋದರು. ಅಲ್ಲಿಗೆ ದಾರ ಹರಿಯಿತು.

ಆಣೆ ಮಾತ್ರ ಹರಿಯಲಿಲ್ಲ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಅವ್ವನನ್ನು ಮುಂಬೈಗೆ ಕರೆದುಕೊಂಡು ಹೋಗಿದ್ದೆ. ಎಲ್ಲರೂ ನೀರಿನ ಕಡೆ ಓಡಿದೆವು. ತಿರುಗಿ ನೋಡಿದರೆ ಅವ್ವ ಸಮುದ್ರಕ್ಕೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತು ರಸ್ತೆಯ ಕಾರುಗಳನ್ನು ನೋಡುತ್ತಿದ್ದಳು. ಒಂದೂವರೆ ತಾಸು. ಕುತ್ತಿಗೆ ಹಿಡಿದಿತ್ತು, ಆದರೂ ತಿರುಗಲಿಲ್ಲ. “ಸಪ್ಪಳ ಕೇಳಿದ್ದು ಲೆಕ್ಕಕ್ಕಿಲ್ಲ” ಎಂದು ಬರುವಾಗ ತನಗೆ ತಾನೇ ಹೇಳಿಕೊಂಡಳು.

ಇಂಥವಳು ಈಗ ಎರಡು ಸೀಟು ಹಿಡಿದಿದ್ದಾಳೆ. ಬಸ್ಸು ಹೊರಡಲು ಹತ್ತು ದಿನ. ಎಂಟನೇ ದಿನದೊಳಗೆ ಎರಡನೆಯವರ ಹೆಸರು ಕೊಡದಿದ್ದರೆ ಆ ಸೀಟಿಗೆ ತನ್ನ ಅತ್ತೆಯನ್ನು ಕೂರಿಸುವುದಾಗಿ ಬಸ್ಸಿನವನು ಹೇಳಿದ್ದ. ಗೆಳತಿ ಬರದಿದ್ದರೆ ತಾನೂ ಹೋಗುವುದಿಲ್ಲವೆಂದು ಅವ್ವ ಹೇಳಿದ್ದಳು. ಅವಳಿಗೆ ಅರವತ್ತೈದು ದಾಟಿದೆ, ಮೊಣಕಾಲು ಇನ್ನೂ ಮಾತು ಕೇಳುತ್ತದೆ. ಮುಂದಿನ ವರ್ಷ ಕೇಳುತ್ತದೆಯೋ ಇಲ್ಲವೋ. ಆ ಪ್ರಶ್ನೆಯನ್ನೂ ನಾನು ಇಂಟರ್ನೆಟ್ಟಿನಲ್ಲಿ ಕೇಳಿದ್ದೆ, ಉತ್ತರ ಇಲ್ಲಿ ಬೇಡ.

ಭಾನುವಾರ ಮಧ್ಯಾಹ್ನ ಶುರು ಮಾಡಿದೆವು. ನಾನು ಕುರ್ಚಿಯಲ್ಲಿ, ಲ್ಯಾಪ್‌ಟಾಪು ಮೇಜಿನ ಮೇಲೆ, ಅವ್ವ ನನ್ನ ಭುಜದ ಮೇಲೆ ಗದ್ದ ಇಟ್ಟುಕೊಂಡು. ಗೆಳತಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಕಾಲದಲ್ಲಿ ಓಣಿಗೆ ನಾಲ್ಕು ಜನರಿಗೆ ಇದ್ದ ಹೆಸರು. ಅದರ ಸುತ್ತ ಉದ್ಧರಣ ಚಿಹ್ನೆ ಹಾಕಿ, ಮುಂದೆ ತಾಂಡೂರು ಎಂದು ಬರೆದು ಒತ್ತಿದೆ.

ಬಂದದ್ದು ಸೀರೆ ಅಂಗಡಿ. ಆ ಹೆಸರಿನಲ್ಲಿ ಒಂದು ನಮೂನೆಯ ಸೀರೆಯೇ ಇದೆಯಂತೆ. ಪುಟದ ತುಂಬ ಸೀರೆ.

“ಮೈನಸ್ ಸೀರೆ” ಎಂದು ಬರೆದೆ.

“ತಡಿ ತಡಿ, ಯಾಕ ತೆಗೀತಿ? ಜರಾ ನೋಡಾಕ ಬಿಡು. ಆ ಹಸಿರುದು ಛಂದ ಅದ.”

“ಅವ್ವ, ನಾವು ಮನಷ್ಯಾರನ್ನ ಹುಡುಕಾಕ ಕೂತೀವಿ.”

“ಮನಷ್ಯಾರೂ ಸೀರಿ ಉಡ್ತಾರಲ್ಲ.”

ಸೀರೆ ಹೋಯಿತು. ಟಿವಿ ಧಾರಾವಾಹಿಯೊಂದರ ನಾಯಕಿ ಬಂದಳು. ಅವಳಿಗೂ ಅದೇ ಹೆಸರು. ಮೈನಸ್ ಧಾರಾವಾಹಿ ಎಂದು ಬರೆಯುವಷ್ಟರಲ್ಲಿ ಅವ್ವ ನನ್ನ ಕೈ ಹಿಡಿದಳು.

“ಪಾಪ, ಆಕಿನ್ಯಾಕ ತೆಗೀತಿ? ಮೊದಲೇ ಅತ್ತಿ ಮನ್ಯಾಗಿಂದ ಹೊರಗ ಹಾಕ್ಯಾರ.”

ಅವಳಿಗೆ, ನಾನು ಮೈನಸ್ ಹಾಕಿದವರು ಎಲ್ಲಿಯೋ ನಿಜವಾಗಿಯೂ ಅಳಿಸಿ ಹೋಗುತ್ತಾರೆಂಬ ಅನುಮಾನ. ಆ ಅನುಮಾನ ನನಗೂ ಅಂಟಿತು. ಮೈನಸ್ ಅಗರಬತ್ತಿ, ಮೈನಸ್ ಅಕ್ಕಿ, ಮೈನಸ್ ವಧೂವರರ ಕೇಂದ್ರ. ಸಂಜೆ ನಾಲ್ಕರ ಹೊತ್ತಿಗೆ ನನ್ನ ಹುಡುಕಾಟದ ಸಾಲು ಅರ್ಧ ಪುಟ ಉದ್ದವಾಗಿ, ಅದರಲ್ಲಿ ಬೇಕಾದದ್ದು ಎರಡು ಪದ, ಬೇಡವಾದದ್ದು ಹತ್ತೊಂಬತ್ತು ಪದ ಆಗಿತ್ತು. ಒತ್ತಿದೆ. ಯಾವ ಫಲಿತಾಂಶವೂ ಇಲ್ಲ ಎಂದಿತು. ಇಡೀ ಜಗತ್ತನ್ನು ಗುಡಿಸಿ ಹೊರಗೆ ಹಾಕಿದ್ದೆ.

“ಆಕಿ ಬಗ್ಗೆ ಇನ್ನೇನರೆ ಹೇಳವ್ವ. ಗುರುತು ಏನರೆ.”

ಅವ್ವ ಯೋಚಿಸಿದಳು. “ನಗೋಮುಂದ ಕಣ್ಣಾಗ ನೀರು ಬರ್ತಿತ್ತು.”

“ಇನ್ನ?”

“ಹುಣಸಿಕಾಯಿ ಭಾಳ ತಿಂತಿದ್ಲು. ಬಾವ್ಯಾಗ ಜಿಗ್ಯಾಕ ಹೆದರ್ತಿರ್ಲಿಲ್ಲ. ಸಾಲಿ ಮಾಸ್ತರಂಗ ನಡದು ತೋರಿಸ್ತಿದ್ಲು.”

ಇದಕ್ಕೆ ಯಾವ ಪಿಡಿಎಫ್? ಅಂಚೆ ಕಚೇರಿಯವರು ಮಂಚದ ಮೇಲಿಂದ ಪೇಪರು ಸರಿಸಿ, “ನಮ್ಮ ಕಡಿ ಆದ್ರ ಚಾ ಅಂಗಡಿ ಮುಂದ ನಿಂತು ಒಂದ್ ಮಾತ್ ಕೇಳ್ತೀವಿ. ಮೈನಸ್ ಹತ್ತೋದಿಲ್ಲ” ಎಂದರು.

“ಹಂಗಾದ್ರ ತಾಂಡೂರಿನ ಚಾ ಅಂಗಡ್ಯಾಗ ಏನಂತ ಕೇಳ್ತೀರಿ? ನಲವತ್ತೆಂಟು ವರ್ಷದ ಹಿಂದ ಹುಣಸಿಕಾಯಿ ತಿಂತಿದ್ದಾಕಿ ಎಲ್ಲಿ ಅಂತ ಕೇಳ್ತೀರೇನ್ರಿ?”

ಅವರು ಪೇಪರು ಮತ್ತೆ ಮುಖಕ್ಕೆ ಎತ್ತಿದರು.

ನನ್ನ ನಿಜವಾದ ಭಯವನ್ನು ಯಾರಿಗೂ ಹೇಳಿರಲಿಲ್ಲ. ಗೆಳತಿ ಸಿಗದಿದ್ದರೆ ಎಂಬುದಲ್ಲ, ಸಿಕ್ಕರೆ ಎಂಬುದು. ನಮ್ಮ ಕಡೆ ವಯಸ್ಸಾದವರ ಫೋಟೋ ಮೊದಲ ಸಲ ದೊಡ್ಡದಾಗಿ ಅಚ್ಚಾಗುವುದೇ ಶ್ರದ್ಧಾಂಜಲಿಯ ಬ್ಯಾನರಿನ ಮೇಲೆ. ಅವ್ವ ಹೂವು ಕೊಳ್ಳಲು ಹೋದಾಗ ನಾನು ಕದ್ದು ಆ ಹೆಸರಿನ ಮುಂದೆ ಶ್ರದ್ಧಾಂಜಲಿ ಎಂದು ಬರೆದೆ. ಒತ್ತದೆ ಅಳಿಸಿದೆ. ಮತ್ತೆ ಬರೆದೆ. ಕೊನೆಗೆ ಮೈನಸ್ ಶ್ರದ್ಧಾಂಜಲಿ ಎಂದು ಬರೆದು ಒತ್ತಿದೆ. ಹಾಗೆ ಮಾಡಿದರೆ ಆಕೆ ಬದುಕಿರುತ್ತಾಳೆಂದು, ಇಪ್ಪತ್ತೆರಡು ವರ್ಷ ಮಕ್ಕಳಿಗೆ ಮೂಢನಂಬಿಕೆಯ ಪಾಠ ಹೇಳಿದ ನಾನು ನಂಬಿದೆ.

ಮಂಗಳವಾರ ಒಂದು ಎಳೆ ಸಿಕ್ಕಿತು. ಪಿಡಿಎಫ್ ಮಾತ್ರ ತೋರಿಸು ಎಂದಾಗ, ತಾಂಡೂರಿನ ಮಹಿಳಾ ಸಂಘವೊಂದರ ಹಳೆಯ ಸಂಚಿಕೆ ಬಂತು. ಸನ್ಮಾನಿತರ ಪಟ್ಟಿಯಲ್ಲಿ ಅದೇ ಹೆಸರು, ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಕೆಳಗೆ ಫೋನ್ ನಂಬರು. ನಾನು ಕುರ್ಚಿಯಿಂದ ಎದ್ದು ಕೋಣೆಯಲ್ಲೇ ಒಂದು ಸುತ್ತು ಹಾಕಿದೆ. ಅವ್ವ ಫೋನು ಹಚ್ಚುವ ಮೊದಲು ಸೀರೆ ಬದಲಿಸಿ ಬಂದಳು. ಫೋನನ್ನು ನಡುವೆ ಇಟ್ಟು ಸ್ಪೀಕರ್ ಹಾಕಿದೆ.

“ಮನೂರಿನಾಕಿ ಏನ್ ನೀ?” ಎಂದಳು ಅವ್ವ, ಹಲೋ ಕೂಡ ಅನ್ನದೆ.

“ಹೆಸರು ನಂದೇ ಅದ, ಊರು ಅಲ್ರಿ. ನಾ ಹುಟ್ಟಿದ್ದೂ ಇಲ್ಲೇ, ಕೊಟ್ಟಿದ್ದೂ ಇಲ್ಲೇ” ಎಂದಿತು ಆ ಕಡೆಯ ದನಿ.

ಅವ್ವ ಇಡೀ ಕಥೆ ಹೇಳಿದಳು. ಅಟ್ಟ, ಆಣೆ, ಸೀಟು. ಆ ಕಡೆಯಾಕೆ ಸಾವಕಾಶವಾಗಿ ಕೇಳಿಸಿಕೊಂಡಳು. ನಡುನಡುವೆ “ಅಯ್ಯೋ ನನ ತಾಯಿ” ಎಂದಳು. ಕೊನೆಗೆ ಗಂಟಲು ಸರಿಮಾಡಿಕೊಂಡು, “ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆಕಿ ಸಿಗಲಿಲ್ಲಂದ್ರ ಆ ಸೀಟು ಏನ್ ಮಾಡ್ತೀರಿ?” ಎಂದಳು.

ಅಂದಿನಿಂದ ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಆಕೆಯ ಫೋನು. ನಾನು ಶಾಲೆಯಲ್ಲಿರುತ್ತೇನೆಂದು ಅವ್ವನ ಫೋನಿಗೇ. “ಸಿಕ್ಕಾಳೇನ್ರಿ?” ಎಂದು ಕೇಳಿ, ಇಲ್ಲ ಎಂದರೆ, ಖುಷಿ ಮುಚ್ಚಿಡಲು ಬಹಳ ಕಷ್ಟಪಡುತ್ತ, “ಸಿಗ್ತಾಳ್ರಿ, ಯಾಕ ಸಿಗೋದಿಲ್ಲ” ಎನ್ನುತ್ತಿದ್ದಳಂತೆ. ಹೆಸರು ಕೂಡ ಅದೇ ಇರುವುದರಿಂದ ಬಸ್ಸಿನವನಿಗೂ ಅನುಕೂಲ ಎಂದು ಒಂದು ದಿನ ಹೇಳಿದಳಂತೆ. ಅತ್ತ ಬಸ್ಸಿನವನ ಅತ್ತೆ ಬ್ಯಾಗು ತೊಳೆದು ಒಣಗಲು ಹಾಕಿದ್ದು ನಮ್ಮ ಮಾಳಿಗೆಯಿಂದ ಕಾಣುತ್ತಿತ್ತು.

ಆರನೇ ದಿನ ಸಂಜೆ ರಾಯಿಕೋಡಿನಿಂದ ಕಾಕಾ ಬಂದ. ಕಾಕಾ ಎಂದರೆ ತೀರಿಹೋದ ನಮ್ಮಪ್ಪನ ತಮ್ಮ. ಹಸಿ ಕಡಲೆಯ ಗಿಡದ ಕಟ್ಟು ಹೆಗಲ ಮೇಲೆ ಹೊತ್ತು, ಬಾಗಿಲಲ್ಲೇ ನಿಂತು, ಯಾವಾಗಿನಂತೆ ಓಣಿಗೆಲ್ಲ ಕೇಳುವ ಹಾಗೆ ಕೂಗಿದ: “ಮನೂರ್ ವೈನಿ ಅದಾರೇನು ಮನ್ಯಾಗ?”

ವೈನಿ ಎಂದರೆ ಅತ್ತಿಗೆ; ನಾನು ಹುಟ್ಟಿದಾಗಿನಿಂದ ಕೇಳಿದ ಕೂಗು. ಆ ಸಂಜೆ ಮೊದಲ ಸಲ ಕೇಳಿಸಿತು. ಲ್ಯಾಪ್‌ಟಾಪಿನ ಮೇಲಿಂದ ಕೈ ತೆಗೆದೆ.

“ಕಾಕಾ, ನಮ್ಮವ್ವನ ಹೆಸರೇನು?”

ಕಾಕಾ ಕಡಲೆಯ ಕಟ್ಟು ಇಳಿಸುತ್ತ ನಿಂತ. “ಇದೇನ್ ಪ್ರಶ್ನಿ?”

“ಹೇಳು.”

“ಮನೂರ್ ವೈನಿ.”

“ಅದು ಊರು. ಹೆಸರು?”

ಅವನು ಅವ್ವನನ್ನು ನೋಡಿದ, ಗೋಡೆ ನೋಡಿದ, ಚಪ್ಪಲಿ ನೋಡಿದ. “ಹೆಸರು ಹಿಡದು ಕರಿಯೋರು ಯಾರವ್ವ? ನಮ್ಮ ಮನಿಗಿ ಮನೂರಿಂದ ಬಂದ್ಲು, ಮನೂರಿನಾಕಿ ಆದ್ಲು.”

ಅವ್ವ ಕಡಲೆ ಬಿಡಿಸಲು ಆಗಲೇ ಕೂತಿದ್ದಳು. “ನಿಮ್ಮಪ್ಪಗರೆ ಎಲ್ಲಿ ಗೊತ್ತಿತ್ತು? ರೇಷನ್ ಕಾರ್ಡ್ ಬರ್ಸಾಕ ಹ್ವಾದಾಗ ವಾಪಸ್ ಬಂದು ಕೇಳಿದ್ರು, ನಿನ್ನ ಹೆಸರೇನಂತ.”

ನಮ್ಮ ಕಡೆ ಸೊಸೆಯನ್ನು ಗಂಡನ ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಯಾವ ಊರಿಂದ ಬಂದಳೋ ಆ ಊರೇ ಅವಳ ಹೆಸರು. ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಅತ್ತೆಮನೆಯ ಊರು ಸಿರ್ಗಾಪುರದಲ್ಲಿ, ಡಬಲ್ ಡಿಗ್ರಿ ಮಾಡಿದ ನಾನು ಇಪ್ಪತ್ತು ವರ್ಷಗಳಿಂದ ‘ರಾಯಿಕೋಡಿನಾಕಿ’. ಹಾಗೆ ಕರೆದರೆ ಓ ಎನ್ನುತ್ತೇನೆ. ಆದರೂ ತಾಂಡೂರಿಗೆ ಮದುವೆಯಾಗಿ ಹೋದ ಹೆಂಗಸನ್ನು ಆರು ದಿನ ಅವಳ ತವರಿನಲ್ಲಿಟ್ಟ ಹೆಸರು ಹಿಡಿದು ಹುಡುಕಿದ್ದೆ. ನಾರಾಯಣಖೇಡದ ಮೇಡಂ ಸ್ಪಷ್ಟವಾಗಿ ಹೇಳಿದ್ದಳು: ನಿಮ್ಮ ಮನಸ್ಸಿನಲ್ಲಿರುವ ಪದ ಬರೆಯಬೇಡಿ, ಆ ಪುಟ ಬರೆದವರು ಯಾವ ಪದ ಬರೆದಿರುತ್ತಾರೋ ಅದನ್ನು ಬರೆಯಿರಿ. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದೆ. ಗೆರೆ ಎಳೆದರೆ ತಲೆಗೆ ಹೋಗುತ್ತದೆಂದು ಮಕ್ಕಳಿಗೂ ಹೇಳುತ್ತೇನೆ.

ತಾಂಡೂರಿನಲ್ಲಿ ವಯಸ್ಸಾದ ಹೆಂಗಸನ್ನು ತೆಲುಗಿನವರು ಏನೆನ್ನುತ್ತಾರೆ? ಮನೂರಮ್ಮ. ಅದನ್ನು ತೆಲುಗಿನಲ್ಲಿ ಬರೆದು ಉದ್ಧರಣ ಚಿಹ್ನೆಯೊಳಗೆ ಹಾಕಿದೆ. ಮುಂದೆ ತಾಂಡೂರು. ಮನೂರು ಊರಿನ ಸುದ್ದಿಯೇ ಬರಬಾರದೆಂದು ಮೈನಸ್ ಮಂಡಲ, ಮೈನಸ್ ಬಸ್ಸಿನ ವೇಳೆ. ಒತ್ತಿದೆ.

ಒಂದೇ ಒಂದು ಬಂತು. ತಾಂಡೂರಿನ ನಕ್ಷೆಯ ಮೇಲೆ, ಫರಸಿ ಕಲ್ಲಿನ ಶೆಡ್ಡುಗಳ ಸಾಲಿನಲ್ಲಿ ಒಂದು ಕೆಂಪು ಚುಕ್ಕೆ: ಮನೂರಮ್ಮ ಜೋಳದ ರೊಟ್ಟಿ. ಕೆಳಗೆ ಊಟ ಮಾಡಿದವರ ಮಾತುಗಳು. ‘ರೊಟ್ಟಿ ಬಹಳ ಮೆತ್ತಗೆ.’ ‘ಎರಡನೇ ಸಲ ಪಲ್ಯ ಕೇಳಿದರೆ ಬೈಯುತ್ತಾರೆ, ಆದರೆ ಹಾಕುತ್ತಾರೆ.’ ‘ಅನ್ನ ಬಿಟ್ಟರೆ ಎದ್ದು ಹೋಗಲು ಬಿಡುವುದಿಲ್ಲ.’ ಎಲ್ಲರೂ ಐದು ನಕ್ಷತ್ರ ಕೊಟ್ಟಿದ್ದರು, ಬೈಸಿಕೊಂಡವರೂ.

ಫೋಟೋ ಒಂದಿತ್ತು. ಮುಖ ಇಲ್ಲ. ಹೊಗೆ, ಹಿಟ್ಟು ನಾದುವ ಮರದ ಕೊಣಮಿಗೆ, ಅದರ ಮೇಲೆ ರೊಟ್ಟಿ ತಟ್ಟುವ ಒಂದು ಕೈ. ಅವ್ವ ಕಡಲೆ ಹಿಡಿದ ಬೆರಳನ್ನೇ ಪರದೆಗೆ ಚುಚ್ಚಿದಳು.

“ಆಕಿನೇ.”

“ಮುಖನೇ ಇಲ್ಲಲ್ಲವ್ವ.”

“ಎಡಗೈಲೆ ತಟ್ಟಲಕತ್ತಾಳ ನೋಡು. ಊರಾಗ ಎಡಗೈಲೆ ರೊಟ್ಟಿ ತಟ್ಟಾಕಿ ಆಕಿ ಒಬ್ಬಾಕಿನೇ ಇದ್ಲು. ಅದಕ್ಕಂತ ಹೊಡತಾನೂ ತಿಂದಾಳ.”

“ಇದನ್ನ ಯಾಕ ಮೊದಲ ಹೇಳಲಿಲ್ಲ?”

“ನೀ ಹೆಸರು ಕೇಳಿದಿ. ಕೈ ಕೇಳಲಿಲ್ಲ.”

ನಾನು ಕಾಕಾನ ಎರಡೂ ಕೈ ಹಿಡಿದು ಕುಣಿದೆ. ನಲವತ್ತಾರು ವರ್ಷದ ಹೆಂಗಸು, ಸಕ್ಕರೆ ಇದೆಯೋ ಏನೋ ಎಂದು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುವವಳು, ಕಡಲೆಯ ಸಿಪ್ಪೆಯ ಮೇಲೆ ಕುಣಿದೆ. ಏನಾಯಿತೆಂದು ಗೊತ್ತಿಲ್ಲದೆ ಕಾಕಾನೂ ಕುಣಿದ. ನಕ್ಷೆಯಲ್ಲಿ ಕೊಟ್ಟಿದ್ದ ನಂಬರಿಗೆ ಫೋನು ಹಚ್ಚಿದರೆ ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆಯೂ ಎತ್ತಲಿಲ್ಲ. ನನಗೆ ಆ ಫೋಟೋ ಎಂದು ತೆಗೆದದ್ದೋ ಎಂಬ ಚಿಂತೆ ಹತ್ತಿತು. ಅವ್ವ ಮಾತ್ರ, “ಎರಡೂ ಕೈ ಹಿಟ್ಟಿನಾಗ ಇದ್ರ ಫೋನ್ ಯಾವ ಕೈಲೆ ಎತ್ತಬೇಕು?” ಎಂದು ಚಪ್ಪಲಿ ಹಾಕಿಕೊಂಡಳು. ನಾನು ಶಾಲೆಗೆ ರಜೆ ಹಾಕಿದೆ.

ತಾಂಡೂರಿಗೆ ಇಳಿದಾಗ ಊಟದ ಹೊತ್ತು. ರಸ್ತೆಯ ಎರಡೂ ಬದಿಗೆ ಕಲ್ಲಿನ ಹಾಳೆಗಳನ್ನು ನಿಲ್ಲಿಸಿದ್ದರು, ಮರಗಳ ಎಲೆಯ ಮೇಲೂ ಬಿಳಿ ಧೂಳು. ತಗಡಿನ ಚಪ್ಪರದ ಕೆಳಗೆ ಮೂರು ಒಲೆ ಉರಿಯುತ್ತಿದ್ದವು, ಮುಂದೆ ಕೂಲಿಯವರ ಸಾಲು. ಒಲೆಗಳ ನಡುವೆ ಕೂತಾಕೆ ತಲೆ ಎತ್ತದೆ ತಟ್ಟುತ್ತಿದ್ದಳು. ಎಡಗೈ. ಬದುಕಿದ್ದಾಳೆ ಎಂದು ನಾನು ಜೋರಾಗಿಯೇ ಅಂದುಬಿಟ್ಟಿರಬೇಕು, ಮುಂದಿದ್ದವನು ತಿರುಗಿ ನೋಡಿದ.

ನೇರ ಹೋಗವ್ವ ಎಂದರೆ ಅವ್ವ ಒಪ್ಪಲಿಲ್ಲ. ಸಾಲಿನಲ್ಲೇ ನಿಂತಳು. ಒಂಬತ್ತು ಜನರ ಹಿಂದೆ, ಸೆರಗು ಬಿಗಿ ಹಿಡಿದು, ಬಾಯಿ ಒತ್ತಿಕೊಂಡು. ಅವಳ ಸರದಿ ಬಂತು.

“ಎಷ್ಟ್ ರೊಟ್ಟಿ?” ಆಕೆ ತಲೆ ಎತ್ತಲಿಲ್ಲ.

“ಹಿಟ್ಟು ಗಟ್ಟಿ ಆಗ್ಯಾದ” ಎಂದಳು ಅವ್ವ.

“ಅಷ್ಟ್ ತಿಳದಾಕಿ ಇದ್ರ ನೀನೇ ಬಂದು ತಟ್ಟು” ಎನ್ನುತ್ತಲೇ ಆಕೆ ಮೇಲೆ ನೋಡಿದಳು. ತಟ್ಟುತ್ತಿದ್ದ ರೊಟ್ಟಿ ಅಂಚಿನಲ್ಲಿ ಹರಿಯಿತು. ಅವ್ವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, ಒಲೆಯ ಮೇಲಿನದನ್ನು ತಿರುವಿ ಹಾಕಿ, ಆಮೇಲೆ ಕೇಳಿದಳು: “ಇಷ್ಟ್ ತಡ ಯಾಕ?”

“ಇಕಿ ಹುಡುಕಿದ್ಲು” ಎಂದು ಅವ್ವ ನನ್ನ ಕಡೆ ಕೈ ತೋರಿಸಿದಳು. “ಭಾಳ ಓದ್ಯಾಳ. ಅದಕ್ಕ ತಡ ಆತು.”

ಆಮೇಲಿನದು ಗದ್ದಲ. ಇಬ್ಬರೂ ಒಟ್ಟಿಗೆ ಮಾತಾಡಿದರು, ಒಬ್ಬರದ್ದನ್ನು ಇನ್ನೊಬ್ಬರು ಕೇಳಿಸಿಕೊಳ್ಳಲಿಲ್ಲ. ಗೆಳತಿಯ ಕಣ್ಣಿನಿಂದ ನಿಜಕ್ಕೂ ನೀರು ಹರಿಯುತ್ತಿತ್ತು, ನಗುವಿಗೋ ಹೊಗೆಗೋ. ಸಾಲಿನಲ್ಲಿದ್ದವರು ತಾವೇ ಬುಟ್ಟಿಗೆ ಕೈ ಹಾಕಿ ರೊಟ್ಟಿ ತೆಗೆದುಕೊಂಡರು. ಎರಡನೇ ಸಲ ಪಲ್ಯ ಹಾಕಿಕೊಂಡವರಿಗೆ ಬೈಯಲು ಯಾರೂ ಇರಲಿಲ್ಲ. ಗಂಡ ಹೋಗಿ ಆರು ವರ್ಷವಾಯಿತು, ರೊಟ್ಟಿ ತಟ್ಟುವುದು ಅದಕ್ಕೂ ಮೊದಲಿನಿಂದ, ಮಗಳನ್ನು ದೂರ ಕೊಟ್ಟಿದೆ, ಸೊಸೆ ಒಳ್ಳೆಯವಳು ಆದರೆ ಬಲಗೈಯವಳು. ಇಷ್ಟು ನನಗೆ ಕೇಳಿಸಿತು.

ಕೊನೆಗೆ ಅವ್ವ, ಮದುವೆಯ ಪತ್ರಿಕೆ ಕೊಡುವ ದನಿಯಲ್ಲಿ, “ಬರೋ ಸೋಮವಾರ ಬಸ್ಸು. ನಿನಗ ಸೀಟು ಹಿಡದೀನಿ. ಸಮುದ್ರಕ್ಕ” ಎಂದಳು.

ಗೆಳತಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

“ನಾ ನೋಡೀನಿ” ಎಂದಳು.

“ಮಗಳನ್ನ ಮಚಲಿಪಟ್ಟಣದ ಕಡಿ ಕೊಟ್ಟೀವಿ. ಬಾಣಂತನ ಮಾಡಾಕ ಹೋಗಿದ್ದೆ. ಮನಿ ಹಿಂದೇ ಸಮುದ್ರ. ಬಟ್ಟಿ ಒಣ ಹಾಕಾಕ ಹಿತ್ತಲಕ್ಕ ಹ್ವಾದ್ರ ಕಾಣ್ತದ. ನಾ ಏನ್ ಮಾಡ್ಲಿ?”

“ಎಷ್ಟ್ ದಿನ ಇದ್ದಿ?”

“ಮೂರು ತಿಂಗಳ.”

ಅವ್ವ ಎದ್ದು ನಿಂತಳು. ಚಪ್ಪಲಿಯಲ್ಲಿ ಕಾಲು ತುರುಕಿದಳು. ನನ್ನ ಕಣ್ಣ ಮುಂದೆ ಆ ಮುಂಬೈಯ ಕಟ್ಟೆ ಬಂತು, ಹಿಡಿದುಕೊಂಡ ಕುತ್ತಿಗೆ ಬಂತು. ಇವಳನ್ನು ಈಗ ಯಾವ ಪದ ಬರೆದು ತಿರುಗಿಸಲಿ ಎಂದು ತಿಳಿಯದೆ ಕೈಯಲ್ಲಿ ಎರಡು ಲೋಟ ನೀರು ಹಿಡಿದು ನಿಂತೆ. ಚಪ್ಪರದ ಅಂಚಿನವರೆಗೆ ಹೋದವಳು ನಿಂತಳು. ತಿರುಗದೆಯೇ ಹೇಳಿದಳು:

“ಕಣ್ಣ ಮುಚ್ಚಕೊಂಡು ಬಟ್ಟಿ ಒಣ ಹಾಕೀನಿ ಅಂತ ಹೇಳು.”

“ಅದು ಸುಳ್ಳಾಗ್ತದಲ್ಲ.”

“ಆಗ್ಲಿ. ಹೇಳು.”

“ಕಣ್ಣ ಮುಚ್ಚಕೊಂಡು ಬಟ್ಟಿ ಒಣ ಹಾಕೀನಿ.”

ಅವ್ವ ಅದನ್ನು ತೂಗಿ ನೋಡಿದಳು. “ಮೂರು ತಿಂಗಳೂ?”

“ಮೂರು ತಿಂಗಳೂ. ಒಮ್ಮೆ ಕಂಬಕ್ಕ ಹಣಿ ಬಡದಿತ್ತು.”

“ಹಂಗಾದ್ರ ಆತು” ಎಂದು ಅವ್ವ ಬಂದು ಕೂತಳು. “ರೊಟ್ಟಿ ಹಾಕು, ಹಸಿವಾಗ್ಯಾದ.”

ಊಟವಾದ ಮೇಲೆ ಬಸ್ಸಿನವನಿಗೆ ಫೋನು ಮಾಡಿದೆ. ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೆ ಹೆಸರು ಹೇಳ್ರಿ ಎಂದ. ಗೆಳತಿ ಟ್ರಂಕಿನಿಂದ ಕಾರ್ಡು ತಂದು ಕೊಟ್ಟಳು. ಅದರ ಮೇಲಿದ್ದದ್ದು ನಾನು ಕಂಡು ಕೇಳರಿಯದ ಹೆಸರು. ಅವ್ವ ಇಣುಕಿ, “ಇದ್ಯಾರು?” ಎಂದಳು.

“ನಾನೇ. ಮದಿವ್ಯಾಗ ನಮ್ಮತ್ತಿ ಅಕ್ಕಿ ತಾಟಿನಾಗ ಬರ್ಸಿ ಇಟ್ಟ ಹೆಸರು. ಕಾಗದಕ್ಕಷ್ಟ. ಕರಿಯೋರು ಯಾರೂ ಇಲ್ಲ.”

ಅಂದರೆ ನಾನು ಸೀರೆಯನ್ನೂ ಧಾರಾವಾಹಿಯನ್ನೂ ಅಕ್ಕಿಯನ್ನೂ ಕಳೆದು ಕಳೆದು ಹುಡುಕಿದ ಹೆಸರಿನಲ್ಲಿ ಆ ಗೆಳತಿ ತಾಂಡೂರಿನಲ್ಲಿ ಇರಲೇ ಇಲ್ಲ. ಕಾರ್ಡಿನಲ್ಲಿ ಬರೆದ ಹೆಸರಿನಿಂದ ಕರೆಯುವವರಿಲ್ಲ, ಕರೆಯುವ ಹೆಸರನ್ನು ನಾನು ಆರು ದಿನ ಬರೆದಿರಲಿಲ್ಲ. ತವರಿನಲ್ಲಿಟ್ಟ ಆಕೆಯ ಹೆಸರು ಈ ಭೂಮಿಯ ಮೇಲೆ ಉಳಿದಿದ್ದದ್ದು ಒಂದೇ ಕಡೆ, ನಮ್ಮವ್ವನ ಬಾಯಲ್ಲಿ. ಅಲ್ಲಿಗೆ ಯಾವ ಉದ್ಧರಣ ಚಿಹ್ನೆಯೂ ಹೋಗುವುದಿಲ್ಲ.

ಸೋಮವಾರ ಇಬ್ಬರನ್ನೂ ಬಸ್ಸಿಗೆ ಹತ್ತಿಸಿದೆ. ಗುಳಿಗೆ, ಸ್ವೆಟರು, ನನ್ನ ನಂಬರು ಬರೆದ ಚೀಟಿ ನಾಲ್ಕು ಕಡೆ. ಕಿಟಕಿಯ ಪಕ್ಕ ಕೂರುವವರು ಯಾರೆಂದು ಒಂದು ಜಗಳ ಆಗಲೇ ಶುರುವಾಗಿತ್ತು. “ನೀ ಕಣ್ಣ ಮುಚ್ಚಕೊಂಡಾಕಿ, ನಿನಗ ಕಿಟಕಿ ಯಾಕ?” ಎಂದು ಅವ್ವ ಗೆದ್ದಳು. ಬಸ್ಸಿನವನ ಅತ್ತೆಯನ್ನು ಡ್ರೈವರಿನ ಹಿಂದೆ ಕೂರಿಸಿದ್ದರು. ತಾಂಡೂರಿನ ನಿವೃತ್ತ ಅಂಗನವಾಡಿ ಮೇಡಂ ಮುಂದಿನ ಟ್ರಿಪ್ಪಿಗೆ ಹೆಸರು ಬರೆಸಿದ್ದಳು.

ಮೂರನೇ ದಿನ ಸಂಜೆ ಶಾಲೆಯಿಂದ ಬಂದು ಚಹಾಕ್ಕೆ ಇಟ್ಟಿದ್ದೆ, ಅವ್ವನ ಫೋನು ಬಂತು. ಗಾಳಿಯ ಸಪ್ಪಳ, ಅದರ ಹಿಂದೆ ಇನ್ನೊಂದು ದೊಡ್ಡ ಸಪ್ಪಳ, ಅದೆರಡನ್ನೂ ಮೀರಿ ಆ ಗೆಳತಿಯ ದನಿ.

“ಅವ್ವ, ನೋಡಿದ್ಯಾ?”

“ಬಂದು ಎರಡ್ ತಾಸು ಆತು.”

“ಹ್ಯಾಂಗದ?”

“ಇಕಿ ಬಾಯಿ ಮುಚ್ಚಿದ್ರ ತಾನೇ ನೋಡೋದು? ಮಾಸ್ತರು ನಡಿಯೋದು ತೋರ್ಸಲಕತ್ತಾಳ ಉಸುಕಿನಾಗ. ಮಂದಿ ನಿಂತು ನೋಡಲಕತ್ತಾರ” ಎಂದು ಅವ್ವ ನಗಲು ಶುರುಮಾಡಿದವಳು ನಿಲ್ಲಿಸಲಾಗದೆ, “ನಾಳಿ ನೋಡ್ತೀನವ್ವ, ಎಲ್ಲಿ ಹೋಗ್ತದ” ಎಂದು ಫೋನು ಇಟ್ಟಳು.